ಕೋಮಲಾ ಅಳಿಸಿದ ಮುಖಗಳು

ಕೋಮಲಾ ಎಂಥ ಹೆದರುಪುಕ್ಕಲಿ ಎಂಬುದು ಮದರಾಸಿನ ತಿರುವೊಟ್ಟಿಯೂರಿನ ಆ ಬೀದಿಗೆಲ್ಲ ಗೊತ್ತಿತ್ತು. ಕಂಟೇನರ್ ಲಾರಿ ಹಾರ್ನ್ ಹೊಡೆದರೆ ಅವಳ ಕೈಯ ಲೋಟ ಅಲುಗಾಡುತ್ತಿತ್ತು. ಕಾರ್ಖಾನೆಯ ಸೈರನ್ ಕೂಗಿದರೆ ಅದು ಊಟದ ಹೊತ್ತಿನದೋ ಅಪಾಯದ್ದೋ ಎಂದು ಇಪ್ಪತ್ತೆಂಟು ವರ್ಷವಾದರೂ ಅವಳಿಗೆ ಗೊತ್ತಾಗುತ್ತಿರಲಿಲ್ಲ. ಒಲೆ ಆರಿಸಿ ಓಡಿಬಂದು ಬಾಗಿಲಲ್ಲಿ ನಿಲ್ಲುತ್ತಿದ್ದಳು. ಎದುರಿನ ಇಸ್ತ್ರಿ ಅಂಗಡಿಯವನು "ಊಟದ್ದು ಅಕ್ಕಾ, ಊಟದ್ದು" ಎಂದು ತಮಿಳಿನಲ್ಲಿ ಕೂಗಿ ನಕ್ಕ ಮೇಲೆಯೇ ಒಳಗೆ ಹೋಗಿ ಮತ್ತೆ ಒಲೆ ಹಚ್ಚುವುದು. ನಗುವವರು ನಗಲಿ ಬಿಡಿ. ಆ ಊರಿನಲ್ಲಿ ಹೆದರದೆ ಬದುಕುವವರನ್ನು ಕಂಡರೆ ಆಶ್ಚರ್ಯಪಡಬೇಕು.

ಹೆದರಿಕೆಗೆ ಕಾರಣಗಳೇನು ಕಡಿಮೆಯೇ? ತಾರಸಿಯ ಮೇಲೆ ಒಣಹಾಕಿದ ಬಿಳಿ ಪಂಚೆಗೆ ಸಂಜೆಯೊಳಗೆ ಕರಿ ಚುಕ್ಕಿ ಕೂರುತ್ತಿತ್ತು. ಎಣ್ಣೂರಿನ ಕಡೆಯಿಂದ ಗಾಳಿ ತಿರುಗಿದರೆ ಮನೆಯೊಳಗೆಲ್ಲ ಪೆಟ್ರೋಲ್ ಬಂಕಿನ ವಾಸನೆ. ಉತ್ತರಕ್ಕೆ ನೋಡಿದರೆ ಎಣ್ಣೆ ಶುದ್ಧಮಾಡುವ ಕಾರ್ಖಾನೆಯ ಉದ್ದನೆಯ ಚಿಮಣಿಯ ತುದಿಯಲ್ಲಿ ಹಗಲು ಹನ್ನೆರಡಕ್ಕೂ ಬೆಂಕಿ. ಕೆಲವು ದಿನ ಆ ಬೆಂಕಿ ಇದ್ದಕ್ಕಿದ್ದಂತೆ ದೊಡ್ಡದಾಗಿ ಗುಡುಗುಡು ಸದ್ದು ಮಾಡುತ್ತಿತ್ತು. ಆಗ ಕೋಮಲಾ ಅತ್ತೆಯ ಪಕ್ಕ ಕುಳಿತು ಅವರ ಸೆರಗು ಹಿಡಿದುಕೊಳ್ಳುತ್ತಿದ್ದಳು. ಐವತ್ತೆರಡು ವರ್ಷದ ಹೆಂಗಸು!

ಹಾವೇರಿಯ ಕಡೆಯ ಹುಡುಗಿ ಮದರಾಸಿಗೆ ಬಂದದ್ದು ಮದುವೆಯಾಗಿ. ಮಾವ ಮುರಿಗೆಪ್ಪ ಹರೆಯದಲ್ಲೇ ಗದಗ ಬಿಟ್ಟುಬಂದು, ಗುಡಿಯ ಹಿಂದಿನ ಬೀದಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟವರು. ಕೆಳಗೆ ಸ್ಟುಡಿಯೋ, ಮೇಲೆ ಮನೆ. ಮಗ ವೀರೇಶನಿಗೆ ಕ್ಯಾಮೆರಾ ಕೊಟ್ಟರು, ಸೊಸೆಗೆ ಸಣ್ಣಗೆ ಚೂಪು ಮಾಡಿದ ಪೆನ್ಸಿಲ್ ಕೊಟ್ಟರು. ಗಾಜಿನ ಮೇಜಿನ ಕೆಳಗೆ ದೀಪ ಹಚ್ಚಿ, ಅದರ ಮೇಲೆ ನೆಗೆಟಿವ್ ಇಟ್ಟು, ಭೂತಗನ್ನಡಿಯಲ್ಲಿ ನೋಡುತ್ತ ಮುಖ ತಿದ್ದುವ ಕೆಲಸ. ಗಿರಾಕಿಯ ಮೊಡವೆ, ಸುಕ್ಕು, ಕಣ್ಣಡಿಯ ಕಪ್ಪು ಎಲ್ಲ ಅಲ್ಲೇ ಮಾಯವಾಗಬೇಕು. "ಯಾರ ಮಾರೀನೂ ಇದ್ದಂಗ ನಮ್ಮ ಬಾಗಿಲ ದಾಟಬಾರದವಾ" ಎನ್ನುತ್ತಿದ್ದರು ಮುರಿಗೆಪ್ಪ. "ಮಚ್ಚಿ ಮಾತ್ರ ಮುಟ್ಟಬ್ಯಾಡ. ಉಳಿದದ್ದೆಲ್ಲ ತೆಗಿ."

ಮಚ್ಚೆಯ ಮಾತಿಗೊಂದು ಕಥೆಯಿತ್ತು. ಹಿಂದೊಮ್ಮೆ ಅವರು ಮದುವೆಗಿದ್ದ ಹುಡುಗಿಯೊಬ್ಬಳ ಗದ್ದದ ಮಚ್ಚೆಯನ್ನು ಮೊಡವೆಯೆಂದು ಅಳಿಸಿಬಿಟ್ಟರು. ಹೆಣ್ಣು ನೋಡಲು ಬಂದ ಗಂಡಿನ ಕಡೆಯವರು "ಫೋಟೋದ ಹುಡುಗಿ ಬೇರೆ, ಇವಳು ಬೇರೆ" ಎಂದು ಎದ್ದು ನಿಂತರು. ಆ ರಾದ್ಧಾಂತ ಮುಗಿದ ಮೇಲೆ ಮುರಿಗೆಪ್ಪ ಚೀಟಿಯ ಪದ್ಧತಿ ಶುರುಮಾಡಿದರು. ಹಳೆಯ ಮದುವೆ ಕಾರ್ಡುಗಳನ್ನು ಕತ್ತರಿಸಿ, ಒಂದೊಂದರ ಹಿಂದೆ ಕೋಳಿಮೊಟ್ಟೆಯ ಆಕಾರದ ಮುಖ ಬರೆಯುವುದು. ಮಚ್ಚೆಗೆ ಕಪ್ಪು ಚುಕ್ಕಿ, ತೆಗೆಯಬೇಕಾದ್ದಕ್ಕೆಲ್ಲ ಕೆಂಪು ಪೆನ್ಸಿಲ್. ಕೆಳಗೆ ಹೆಸರು, ತಾರೀಖು. ತಿದ್ದುವ ಮೊದಲೇ ಬರೆಯಬೇಕು, ಬರೆದದ್ದನ್ನು ಎಸೆಯಬಾರದು. ಮಾವ ಹೋದರು, ನೆಗೆಟಿವ್ ಹೋಯಿತು, ಕಂಪ್ಯೂಟರ್ ಬಂತು. ಪೆನ್ಸಿಲ್ಲಿನ ಜಾಗಕ್ಕೆ ಮೌಸ್ ಬಂದರೂ ಕೋಮಲಾ ಚೀಟಿ ಬರೆಯುವುದನ್ನು ಬಿಡಲಿಲ್ಲ. ದಾರ ಕಟ್ಟಿದ ಚೀಟಿಗಳು ಕಬ್ಬಿಣದ ಟ್ರಂಕಿನಲ್ಲಿ ಸೇರುತ್ತ ಹೋದವು.

ಹೊಟ್ಟೆಪಾಡು ನಡೆಯುತ್ತಿದ್ದದ್ದು ಕಾರ್ಖಾನೆಯಿಂದಲೇ. ವರ್ಷಕ್ಕೊಮ್ಮೆ ನಾನೂರು ಜನ ಗುತ್ತಿಗೆ ಕೆಲಸಗಾರರು ಗೇಟಿನ ಗುರುತಿನ ಕಾರ್ಡಿಗೆಂದು ಬಂದು ಸ್ಟೂಲಿನ ಮೇಲೆ ಕೂರುತ್ತಿದ್ದರು. ವೀರೇಶ್ "ಮುಖ ಬೆಳಕಿಗೆ ಮಾಡಿ, ಉಸಿರು ಹಿಡಿಯಿರಿ, ಅಲುಗಾಡಬೇಡಿ" ಎಂದು ತಮಿಳಿನಲ್ಲಿ ಹೇಳಿ ಕ್ಲಿಕ್ಕಿಸುತ್ತಿದ್ದ. ಈಚೆಗೆ ಆ ಮಾತು ಮುಗಿಯುವಷ್ಟರಲ್ಲಿ ಅವನಿಗೇ ಕೆಮ್ಮು ಬರುತ್ತಿತ್ತು. "ಡಾರ್ಕ್ ರೂಮಿನ ಕೆಮಿಕಲ್ ಕುಡಿದ ಗಂಟಲಾ ಇದು" ಎಂದು ತಾನೇ ನಗೆಯಾಡುತ್ತಿದ್ದ.

ಪಾವನಾ ಬಂದದ್ದು ಜೂನ್ ತಿಂಗಳಲ್ಲಿ, ಎಣ್ಣೂರಿನ ಹಿನ್ನೀರಿಗೆ ಕಾರ್ಖಾನೆಯ ಕಡೆಯಿಂದ ಎಣ್ಣೆ ಹರಿದ ವಾರ. ಮಂಡ್ಯದ ಹುಡುಗಿ, ಇಪ್ಪತ್ತಾರು ವರ್ಷ. ತ್ರಿಪ್ಲಿಕೇನಿನ ಲೇಡೀಸ್ ಹಾಸ್ಟೆಲಿನಲ್ಲಿ ಇದ್ದುಕೊಂಡು, ಪರಿಸರದ ಸಣ್ಣದೊಂದು ಸಂಸ್ಥೆಯಲ್ಲಿ ನಕ್ಷೆ ಮಾಡುವ ಕೆಲಸ. ಬೋರ್ಡಿನ ಮೇಲೆ "ಮುರಿಗೆಪ್ಪ" ಎಂಬ ಹೆಸರು ಕಂಡು ಕನ್ನಡದವರೇ ಇರಬೇಕು ಎಂದು ಒಳಗೆ ನುಗ್ಗಿದ್ದಳು. ಕಾರ್ಖಾನೆ ಇನ್ನೂ ದೊಡ್ಡದಾಗಲಿದೆ, ಅದಕ್ಕೆ ಮೊದಲು ಸರ್ಕಾರದವರು ನವೆಂಬರಿನಲ್ಲಿ ಜನರ ಸಭೆ ಕರೆಯುತ್ತಾರೆ, ಅಲ್ಲಿ ತೋರಿಸಲು ನಕ್ಷೆ ಬೇಕು ಎಂದಳು. ಹಿನ್ನೀರಿನ ಅಂಚಿನ ಪ್ರತಿ ಮನೆಗೂ ಒಂದು ಗುಂಡುಸೂಜಿ. ಪ್ರತಿ ಸೂಜಿಗೂ ಆ ಮನೆಯವರ ಫೋಟೋ, ಗೋಡೆಯ ಫೋಟೋ, ಕುಡಿಯುವ ನೀರಿನ ಕೊಡದ ಫೋಟೋ, ಮೇಲಿನ ಆಕಾಶದ ಫೋಟೋ.

"ನಾನಾ ಬರ್ತೀನಿ" ಎಂದ ವೀರೇಶ್, ದುಡ್ಡಿನ ಮಾತೇ ಎತ್ತದೆ. ಕೋಮಲಾ ಅಡುಗೆಮನೆಗೆ ಕರೆದು ಕೈ ಹಿಡಿದು ಜಗ್ಗಿದಳು. "ಏನ್ರೀ, ನಿಮಗ ತಲಿ ಕೆಟ್ಟೈತೇನು? ಅವರ ಕಾರ್ಡಿನ ಕೆಲಸದಾಗ ಮನಿ ನಡದೈತಿ. ಊರ ಉಸಾಬರಿ ನಮಗ್ಯಾಕ?"

"ಮೂವತ್ತು ವರ್ಷ ನಗೋ ಮಂದಿ ಫೋಟೋನ ತಗದೇನಿ ಕೋಮಲಾ. ಒಂದಾದ್ರೂ ಖರೇ ಫೋಟೋ ತಗೀಲಿ ಬಿಡು."

ಹಾಗೆ ಶುರುವಾಯಿತು. ಹಳೆಯ ಪರದೆಯೊಂದು ಸ್ಟುಡಿಯೋದ ಹಿಂಗೋಡೆಯಲ್ಲಿತ್ತು, ನೀಲಿ ಕೊಳ, ಎರಡು ಹಂಸ, ಗುಲಾಬಿ ಗಿಡ. ಅದರ ಮೇಲೆಯೇ ಪಾವನಾ ದೊಡ್ಡ ನಕ್ಷೆ ತೂಗುಹಾಕಿದಳು. ವಾರಕ್ಕೆರಡು ದಿನ ವೀರೇಶ್ ಅವಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದ. ಅವರಿಬ್ಬರೂ ಬರುವವರೆಗೆ ಕೋಮಲಾ ಬಾಗಿಲಲ್ಲೇ. ಬಂದ ಕೂಡಲೇ ಕ್ಯಾಮೆರಾದ ಮೆಮೊರಿ ಕಾರ್ಡ್ ಅವಳ ಕೈಗೆ. ವೀರೇಶನ ಕೆಲಸ ಅಲ್ಲಿಗೆ ಮುಗಿಯಿತು, ಇನ್ನು ಅವಳದು. ಇಪ್ಪತ್ತೆಂಟು ವರ್ಷದ ರೂಢಿ ಅದು. ಅವನು ತೆಗೆದ ಮೇಲೆ ತಿರುಗಿ ನೋಡುವವನಲ್ಲ.

ಸೂಜಿಗಳಲ್ಲಿ ಹದಿನೇಳನೆಯದು ಬೇಬಿಯದು. ಬೇಬಿ ಹಿನ್ನೀರಿನಲ್ಲಿ ಎದೆಮಟ್ಟ ಇಳಿದು, ಕೆಸರಿನಲ್ಲಿ ಕೈಯಾಡಿಸಿ ಸಿಗಡಿ ಹಿಡಿಯುವವಳು. ಸಿಗಡಿ ತುಂಬುವ ಚೀಲದ ಬಾಯಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಿರಬೇಕು, ಎರಡೂ ಕೈ ನೀರಿನಲ್ಲಿರಬೇಕು. ಎಣ್ಣೆ ಬಂದ ಮೇಲೆ ಅವಳ ಕತ್ತಿನಿಂದ ಕೆನ್ನೆಯವರೆಗೆ ಬೊಬ್ಬೆ ಎದ್ದವು, ಕಣ್ಣು ಕೆಂಡವಾಯಿತು. ಸ್ಟುಡಿಯೋಕ್ಕೆ ಬಂದಾಗ ಬುಟ್ಟಿಯನ್ನು ಹೊರಗೇ ಇಡುತ್ತಿದ್ದಳು, ಕೋಮಲಾ ಮಾಂಸ ಮೀನು ಮುಟ್ಟದವಳೆಂದು. "ಈಗ ಬುಟ್ಟಿಯಲ್ಲಿ ಮೀನಿಗಿಂತ ಸೀಮೆಎಣ್ಣೆ ವಾಸನೆಯೇ ಜಾಸ್ತಿ, ನೀವು ಮುಟ್ಟಬಹುದು ಅಕ್ಕಾ" ಎಂದು ತಮಿಳಿನಲ್ಲಿ ತಮಾಷೆ ಮಾಡುತ್ತಿದ್ದಳು.

ಸೆಪ್ಟೆಂಬರ್ ಕೊನೆಗೆ ಇನ್ನೂರ ಹದಿನಾಲ್ಕು ಫೋಟೋಗಳಾದವು. ಅಷ್ಟನ್ನೂ ಕೊನೆಗೆ ಒಟ್ಟಿಗೆ ಕೊಡುವುದೆಂದು ಮಾತಾಗಿತ್ತು. ಪಾವನಾ ಕಂಪ್ಯೂಟರಿನ ಮುಂದೆ ಕೂತಳು, ಒಂದು ತೆರೆದಳು, ಇನ್ನೊಂದು ತೆರೆದಳು. ಕೋಮಲಾ ಚಹದ ಲೋಟ ಹಿಡಿದು ಹಿಂದೆ ನಿಂತಿದ್ದಳು. ಹುಡುಗಿ ಹೊಗಳುತ್ತಾಳೆ ಎಂದು ಸಣ್ಣ ಆಸೆ.

"ಆಂಟಿ, ಆಕಾಶ ಯಾಕೆ ಇಷ್ಟೊಂದು ನೀಲಿ ಇದೆ?"

"ಬೂದಿಬಣ್ಣ ಇತ್ತವಾ. ನಾನಾ ಹಾಕೇನಿ. ಚಂದ ಬಂದೈತಿಲ್ಲ?"

ಪಾವನಾ ಬೇಬಿಯ ಫೋಟೋ ತೆರೆದಳು. ಬೇಬಿಯ ಕಣ್ಣು ಹಾಲಿನಷ್ಟು ಬಿಳಿ. ಕೆನ್ನೆ ನುಣುಪು, ಒಂದು ಬೊಬ್ಬೆಯಿಲ್ಲ. ಹಿಂದಿನ ಗೋಡೆಯ ಎಣ್ಣೆಯ ಗೆರೆಯೂ ಇಲ್ಲ, ಕೊಡದ ನೀರಿನ ಮೇಲಿನ ಬಣ್ಣಬಣ್ಣದ ಪೊರೆಯೂ ಇಲ್ಲ. ಒಂದೊಂದು ಫೋಟೋಕ್ಕೂ ಕೋಮಲಾ ಎರಡೆರಡು ತಾಸು ಕೂತಿದ್ದಳು, ಪಾಪ ಬಡವರ ಮುಖ, ಸರ್ಕಾರದವರ ಮುಂದೆ ಹೋಗುವುದು, ಚಂದವಾಗಿ ಹೋಗಲಿ ಎಂದು.

"ಆಂಟಿ, ಒರಿಜಿನಲ್ಲು? ಮೊದಲಿನವು ಎಲ್ಲಿದಾವೆ?"

ಎಲ್ಲಿರಬೇಕು? ಕಂಪ್ಯೂಟರಿನಲ್ಲಿ ಜಾಗವಿಲ್ಲವೆಂದು ಕೋಮಲಾ ತಿದ್ದಿದ್ದನ್ನು ಅದರ ಮೇಲೆಯೇ ಸೇವ್ ಮಾಡುವವಳು. ಇದ್ದವೇ ಎರಡು ಕಾರ್ಡು. ಮದುವೆ ಮುಂಜಿ ಬಂತೆಂದರೆ ವೀರೇಶ್ ಅವನ್ನು ಖಾಲಿ ಮಾಡಿ ಮತ್ತೆ ಕ್ಯಾಮೆರಾಕ್ಕೆ ಹಾಕುತ್ತಿದ್ದ. ಇದನ್ನು ಹೇಳುವಾಗಲೇ ಕೋಮಲಾಗೆ ತಾನು ಏನು ಮಾಡಿದೆನೆಂದು ಅರ್ಥವಾಯಿತು. ಪಾವನಾ ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ಮೇಜಿನ ಮೇಲೆ ತಲೆಯಿಟ್ಟು, ಹೆಗಲು ಕುಲುಕಿಸುತ್ತ ಅತ್ತಳು. ಬೊಬ್ಬೆಗಳು ಒಣಗಿ ಹೋಗಿದ್ದವು, ಗೋಡೆಗಳನ್ನು ಮಳೆ ತೊಳೆದಿತ್ತು. ಜೂನ್ ತಿಂಗಳನ್ನು ಮತ್ತೆ ಎಲ್ಲಿಂದ ತರುವುದು?

ಅದೇ ಹೊತ್ತಿಗೆ ಕೋಮಲಾಗೆ ಟ್ರಂಕು ನೆನಪಾಯಿತು. ಆ ಫೋಟೋಗಳಲ್ಲಿದ್ದ ತೊಂಬತ್ತಾರು ಮುಖಗಳಿಗೆ ತೊಂಬತ್ತಾರು ಚೀಟಿ. ಯಾವ ಬೊಬ್ಬೆ ಎಲ್ಲಿತ್ತು, ಯಾವ ಕಣ್ಣಿನ ಯಾವ ಮೂಲೆ ಕೆಂಪಗಿತ್ತು, ಎಲ್ಲ ಅದರಲ್ಲಿದೆ, ತಾರೀಖಿನ ಸಮೇತ. ಬಾಯಿ ತೆರೆದಳು, ಮುಚ್ಚಿದಳು. ಅದೇ ಟ್ರಂಕಿನಲ್ಲಿ ಇಪ್ಪತ್ತು ವರ್ಷದ ಕಾರ್ಖಾನೆಯ ಕೆಲಸಗಾರರ ಚೀಟಿಗಳೂ ಇದ್ದವು, ಅವರ ಮುಖದ ಕಾಯಿಲೆಯ ಗುರುತುಗಳ ಸಮೇತ. ಒಂದು ಹೊರಗೆ ಬಂದರೆ ಎಲ್ಲ ಹೊರಗೆ ಬರುತ್ತವೆ, ಬಂದರೆ ಕಾರ್ಖಾನೆಯವರು ತಮ್ಮನ್ನು ಬಿಟ್ಟಾರೆಯೇ? ಅವಳು ಲೋಟ ತೆಗೆದುಕೊಂಡು ಮೇಲೆ ಹೋಗಿಬಿಟ್ಟಳು.

ಒಂದು ವಾರಕ್ಕೆ ಶ್ರೀನಾಥ್ ಬಂದ. ಕಾರ್ಖಾನೆಯಲ್ಲಿ ಗುರುತಿನ ಕಾರ್ಡಿನ ಕೆಲಸ ನೋಡಿಕೊಳ್ಳುವವನು, ಬೆಂಗಳೂರಿನ ಕಡೆಯವನು, ಇಸ್ತ್ರಿ ಮುರಿಯದ ಅಂಗಿ. ವೀರೇಶ್ ಇಲ್ಲದ ಹೊತ್ತು ನೋಡಿಯೇ ಬಂದಿರಬೇಕು. ಪರದೆಯ ಮೇಲಿನ ನಕ್ಷೆಯನ್ನು ಹತ್ತಿರ ಹೋಗಿ ನೋಡಿದ. ಸೂಜಿಗಳನ್ನು ಬೆರಳಿನಿಂದ ಒಂದೊಂದಾಗಿ ಮುಟ್ಟಿದ. ಆಮೇಲೆ ಕಂಪ್ಯೂಟರಿನಲ್ಲಿದ್ದ ಬೇಬಿಯ ಮುಖ ನೋಡಿ ನಿಂತ.

"ಎಷ್ಟು ಲಕ್ಷಣವಾಗಿ ತೆಗೆದಿದೀರ ಅಕ್ಕ. ಇಂಥವು ಇನ್ನೂ ಇವೆಯಾ? ನಮಗೂ ಒಂದು ಕಾಪಿ ಕೊಟ್ಟುಬಿಡಿ. ಏನೋ, ನಾವು ನಾವೇ ಅಲ್ವಾ, ಕನ್ನಡದವರು."

"ಅವರು ಬಂದ ಮ್ಯಾಲ ಕೇಳಿ..." ಎಂದಳು ಕೋಮಲಾ.

"ಸರ್‌ಗೆ ಯಾಕೆ ಸುಮ್ಮನೆ ತೊಂದರೆ ಕೊಡೋದು. ಆ ಹಿನ್ನೀರಿನ ಕಡೆ ಬೂದಿ ಹಾರೋ ರಸ್ತೇಲಿ ಸ್ಕೂಟರ್‌ನಲ್ಲಿ ಓಡಾಡ್ತಾರಲ್ಲ, ನಾನೂ ನೋಡಿದೀನಿ. ಟ್ಯಾಂಕರ್ ಡ್ರೈವರ್‌ಗಳು ನೋಡಿ, ಅವರಿಗೆ ಕಣ್ಣೇ ಕಾಣಲ್ಲ. ಸ್ವಲ್ಪ ಹುಷಾರಾಗಿ ಇರೋಕೆ ಹೇಳಿ ಅಕ್ಕ."

ನಗುನಗುತ್ತಲೇ ಹೇಳಿದ. ಅವನು ಜೇಬಿನಿಂದ ಪೆನ್ ಡ್ರೈವ್ ತೆಗೆದು ಮೇಜಿನ ಮೇಲಿಟ್ಟ. ಅವಳು ತುಂಬಿಸಿ ಕೊಟ್ಟಳು. ಇನ್ನೂರ ಹದಿನಾಲ್ಕನ್ನೂ ಕೊಟ್ಟಳು. ಗಂಡನಿಗೆ ಹೇಳಲಿಲ್ಲ, ಪಾವನಾಳಿಗೂ ಹೇಳಲಿಲ್ಲ. ಅಂದಿನಿಂದ ಬೀದಿಯಲ್ಲಿ ಸ್ಕೂಟರಿನ ಸದ್ದು ಕೇಳುವವರೆಗೆ ಅವಳಿಗೆ ಉಸಿರೇ ಸರಿಯಾಗಿ ಆಡುತ್ತಿರಲಿಲ್ಲ.

ದೀಪಾವಳಿ ಅಮಾವಾಸ್ಯೆಯ ದಿನ ಸ್ಟುಡಿಯೋದಲ್ಲಿ ಲಕ್ಷ್ಮೀಪೂಜೆ. ಕ್ಯಾಮೆರಾಕ್ಕೆ ವಿಭೂತಿ ಹಚ್ಚಿ ಹೂ ಏರಿಸಿ, ಪೂಜೆ ಮುಗಿದ ಮೇಲೆ ಮನೆಯವರೆಲ್ಲ ಕೂತು ಫೋಟೋ ತೆಗೆಸಿಕೊಳ್ಳುವುದು ಮುರಿಗೆಪ್ಪನವರ ಕಾಲದ ರಿವಾಜು. ಎಲ್ಲರೂ ಎಂದರೆ ಈಗ ಮೂವರೇ. ಎಂಬತ್ತು ದಾಟಿದ ಅತ್ತೆ ಶಂಕ್ರಮ್ಮ ಇಳಕಲ್ಲ ಸೀರೆ ಉಟ್ಟು ಕುರ್ಚಿಯಲ್ಲಿ ಕೂತು, "ಕೋಮಲಾ, ನನ್ನ ಮಾರಿ ಒಂಚೂರು ಚಂದ ಮಾಡವಾ, ಮ್ಯಾಲ ಹೋದ್ರ ಅವರು ಗುರ್ತ ಹಿಡೀಬೇಕು" ಎಂದರು. ವೀರೇಶ್ ಟೈಮರ್ ಒತ್ತಿ ಓಡಿಬಂದು ನಿಂತ. ಆ ನಾಲ್ಕು ಹೆಜ್ಜೆಗೆ ಅವನ ಉಸಿರು ಏರಿ, ಎರಡನೆಯ ಸಲ, ಮೂರನೆಯ ಸಲ ತೆಗೆಯಬೇಕಾಯಿತು.

ಮರುದಿನ ಕೋಮಲಾ ಫೋಟೋ ತಿದ್ದಲು ಕೂತಳು. ಮೊದಲು ಚೀಟಿ. ಅತ್ತೆಯದು ಬರೆದಳು, ತನ್ನದು ಬರೆದಳು, ಗಂಡನದು ಬರೆದಳು. ಕಣ್ಣಡಿಯಲ್ಲಿ ಕೆಂಪು ಗೆರೆ. ತುಟಿಯ ಬಣ್ಣಕ್ಕೆ ಕೆಂಪು ಪೆನ್ಸಿಲ್ ಹೊಂದುವುದಿಲ್ಲವೆಂದು ಅಲ್ಲಿಗೆ ನೀಲಿ ಪೆನ್ಸಿಲ್ ತೆಗೆದುಕೊಂಡಳು. ಹೋದ ವರ್ಷವೂ ಹೀಗೆ ನೀಲಿ ಪೆನ್ಸಿಲ್ ಹುಡುಕಿದ್ದು ನೆನಪಾಯಿತು. ಅದರ ಹಿಂದಿನ ವರ್ಷವೂ.

ಟ್ರಂಕು ತೆರೆದು ಮನೆಯವರ ಚೀಟಿಗಳ ಕಟ್ಟು ಹುಡುಕಿದಳು. ವೀರೇಶನ ಈಚಿನ ಒಂಬತ್ತು ವರ್ಷದ ಒಂಬತ್ತು ಮುಖಗಳನ್ನು ನೆಲದ ಮೇಲೆ ಸಾಲಾಗಿ ಜೋಡಿಸಿದಳು. ಮೊದಲನೆಯದರಲ್ಲಿ ಒಂದೇ ಕೆಂಪು ಚುಕ್ಕಿ, ಬ್ಲೇಡು ತಾಗಿದ ಗಾಯ. ಮೂರನೆಯದರಲ್ಲಿ ಕಣ್ಣಿನ ಮೂಲೆ. ಐದನೆಯದರಲ್ಲಿ ಎರಡೂ ಕಣ್ಣಿನ ಅಡಿ. ಏಳು, ಎಂಟು, ಒಂಬತ್ತರಲ್ಲಿ ತುಟಿಯ ತುಂಬ ನೀಲಿ, ಒಂದಕ್ಕಿಂತ ಒಂದು ಗಾಢ. ಅವಳೇ ಕೈಯಾರೆ ಬರೆದದ್ದು. ಬರೆದು, ಮರುಗಳಿಗೆ ಫೋಟೋದ ತುಟಿಗೆ ಕೆಂಪು ಬಣ್ಣ ಬಳಿದದ್ದು. ಗೋಡೆಗೆ ತೂಗುಹಾಕಿದ ಎಂಟು ಫೋಟೋಗಳಲ್ಲಿ ವೀರೇಶ್ ಒಂದೇ ಥರ ನಗುತ್ತಿದ್ದ, ಒಂದು ದಿನವೂ ವಯಸ್ಸಾಗದವನ ಹಾಗೆ. ಅವಳು ವರ್ಷವಿಡೀ ನೋಡುತ್ತಿದ್ದದ್ದು ಆ ಫೋಟೋಗಳನ್ನೇ. ಅಯ್ಯೋ ನನ್ನ ಶಿವನೇ, ಎದುರಿಗೆ ಕೂತು ಉಣ್ಣುವ ಗಂಡನ ಮುಖವನ್ನು ನೋಡಿದ್ದು ಯಾವಾಗ?

ಲಾರಿಗೆ ಹೆದರಿದ್ದು, ಸೈರನ್ನಿಗೆ ಹೆದರಿದ್ದು, ಶ್ರೀನಾಥನಿಗೆ ಹೆದರಿದ್ದು ಎಲ್ಲ ಮಕ್ಕಳಾಟ ಅನಿಸುವಷ್ಟು ದೊಡ್ಡ ಹೆದರಿಕೆ ಅದು. ಮೇಲೆ ಓಡಿಹೋಗಿ, "ಡಾಕ್ಟರ್ ಹತ್ರ ನಡೀರಿ, ಈಗಿಂದೀಗ ನಡೀರಿ" ಎಂದು ಗಂಡನ ತೋಳು ಹಿಡಿದಳು.

"ಸಭಿ ಒಂದು ಮುಗೀಲಿ. ಆಮ್ಯಾಲ ಹೋಗೂಣು" ಎಂದ ಅವನು, ಕೆಮ್ಮಿನ ನಡುವೆ. ಚೀಟಿಗಳ ಮಾತು ಅವನಿಗೆ ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಹೇಳಿದರೆ ಪೆನ್ ಡ್ರೈವಿನ ಮಾತೂ ಹೇಳಬೇಕಾಗುತ್ತಿತ್ತು.

ಸಭೆ ನಡೆದದ್ದು ಹೈ ರೋಡಿನ ಕಲ್ಯಾಣ ಮಂಟಪದಲ್ಲಿ, ಬೆಳಗ್ಗೆ ಹನ್ನೊಂದಕ್ಕೆ. ಹಿಂದಿನ ದಿನದ ಮದುವೆಯ ಬಾಳೆಕಂಬ ಇನ್ನೂ ಬಾಗಿಲಲ್ಲೇ ಇತ್ತು. ಒಳಗೆ ಹೋದರೆ ಗೋಡೆಯುದ್ದಕ್ಕೂ ಆಳೆತ್ತರದ ಎಂಟು ಫ್ಲೆಕ್ಸ್. ಎಂಟೂ ಅವಳು ತಿದ್ದಿದ ಮುಖಗಳು. ಮೇಲೆ ತಮಿಳಿನಲ್ಲಿ ದಪ್ಪ ಅಕ್ಷರ: ನಮ್ಮ ನೆರೆಹೊರೆ, ನಮ್ಮ ಆರೋಗ್ಯ. ಹಿಂದೆ ಅವಳೇ ಹಾಕಿದ ನೀಲಿ ಆಕಾಶ.

ಬೇಬಿ ತನ್ನ ಫ್ಲೆಕ್ಸಿನ ಎದುರು ನಿಂತಿದ್ದಳು. "ಅಕ್ಕಾ, ಇದು ನಾನಾ? ನನ್ನ ಮದುವೆಯ ದಿನವೂ ಇಷ್ಟು ಚೆಂದ ಇರಲಿಲ್ಲ" ಎಂದು ನಕ್ಕಳು. ಆಮೇಲೆ ಮೇಲಿನ ಅಕ್ಷರ ಓದಿದಳು. ನಗು ನಿಂತಿತು. ತಿರುಗಿ ಕೋಮಲಾಳನ್ನು ನೋಡಿದಳು. ಪಾವನಾ ಮತ್ತು ವೀರೇಶ್ ಕೂಡ ನೋಡಿದರು. ವೀರೇಶ್ ಮೆಲ್ಲಗೆ, "ನೀ ಕೊಟ್ಟೀಯೇನು?" ಎಂದು ಕೇಳಿದ. ಕೋಮಲಾ ಹೌದೆಂದು ತಲೆಯಾಡಿಸಿದಳು. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನಿಸಿತು.

ವೇದಿಕೆಯ ಮೇಲೆ ಸರ್ಕಾರದ ಅಧಿಕಾರಿ ಕೂತಿದ್ದರು. ಕಾರ್ಖಾನೆಯ ಪರವಾಗಿ ಕೋಟು ಹಾಕಿದವರೊಬ್ಬರು ಮೈಕಿನಲ್ಲಿ ಹೇಳಿದರು: ಈ ಚಿತ್ರಗಳನ್ನು ತೆಗೆದದ್ದು ನಾವಲ್ಲ, ಇದೇ ಊರಿನ ಸ್ಟುಡಿಯೋದವರು. ಎಣ್ಣೆ ಬಂತೆನ್ನುವ ತಿಂಗಳಲ್ಲೇ ತೆಗೆದದ್ದು. ಯಾರ ಮುಖದಲ್ಲಾದರೂ ಕಾಯಿಲೆ ಕಾಣುತ್ತದೆಯೇ, ನೀವೇ ನೋಡಿ. ಅವರ ಹಿಂದೆ ಶ್ರೀನಾಥ್ ಕೈಕಟ್ಟಿ ನಿಂತಿದ್ದ. ಅಧಿಕಾರಿ ಕನ್ನಡಕ ಏರಿಸಿ, "ತೆಗೆದವರು ಇಲ್ಲಿದ್ದಾರೆಯೇ?" ಎಂದು ಕೇಳಿದರು.

ವೀರೇಶ್ ಸಿಟ್ಟಿನಿಂದ ಎದ್ದ. ಬಾಯಿ ತೆರೆದವನಿಗೆ ಕೆಮ್ಮು ಒತ್ತರಿಸಿ ಬಂತು, ಕುರ್ಚಿ ಹಿಡಿದು ಕುಸಿದು ಕೂತ. ಅವನ ಪಕ್ಕದಲ್ಲಿ ಕೋಮಲಾ ಎದ್ದು ನಿಂತಳು. ಜನರೆದುರು ಒಮ್ಮೆಯೂ ಬಾಯಿ ಬಿಚ್ಚದವಳು. ತೊಡೆಯ ಮೇಲೆ ಬೆಳಗಿನಿಂದ ಇಟ್ಟುಕೊಂಡಿದ್ದ ಚೀಲ ಎದೆಗೆ ಅವುಚಿಕೊಂಡಿದ್ದಳು. ಹಾಗೂ ಹೀಗೂ ಮೈಕಿನ ಹತ್ತಿರ ಬಂದಳು.

"ತೆಗೆದವರು ನನ್ನ ಯಜಮಾನರು. ಅಳಿಸಿದವಳು ನಾನು" ಎಂದಳು ತಮಿಳಿನಲ್ಲಿ.

ಸಭೆಯಲ್ಲಿ ಗುಜುಗುಜು ಎದ್ದಿತು. ಅವಳು ಚೀಲದಿಂದ ಚೀಟಿಗಳ ಕಟ್ಟು ತೆಗೆದಳು. ಹಿನ್ನೀರಿನವರದು ಅದು. ಕೆಲಸಗಾರರ ಚೀಟಿಗಳನ್ನು ಟ್ರಂಕಿನಲ್ಲೇ ಬಿಟ್ಟು ಬೀಗ ಹಾಕಿದ್ದಳು, ಕಾಯಿಲೆ ಬಯಲಾದರೆ ಕೆಲಸ ಹೋದೀತು, ಅವರ ಅನ್ನ ಕಸಿಯಲು ತನಗೇನು ಹಕ್ಕು ಎಂದು. ಬೇಬಿಯ ಚೀಟಿ ಹುಡುಕಿ ಫ್ಲೆಕ್ಸಿನ ಮುಂದೆ ಹೋಗಿ ನಿಂತಳು. ಕೆಂಪು ಪೆನ್ಸಿಲ್ಲಿನಲ್ಲಿ ಬರೆಯಲು ಹೋದರೆ ಆ ನುಣುಪಿನ ಮೇಲೆ ಜಾರಿತು, ಗೆರೆ ಮೂಡಲಿಲ್ಲ. ಹಿಂದಿನಿಂದ ಯಾರೋ ನಕ್ಕರು. ಪಾವನಾ ಓಡಿಬಂದು, ನಕ್ಷೆಗೆ ಗುರುತು ಹಾಕುವ ಕೆಂಪು ಮಾರ್ಕರನ್ನು ಅವಳ ಕೈಗಿಟ್ಟಳು.

ಆಮೇಲೆ ಕೋಮಲಾ ತಿರುಗಿ ನೋಡಲಿಲ್ಲ. ಚೀಟಿ ನೋಡುತ್ತ, ಅಳಿಸಿದ್ದನ್ನೆಲ್ಲ ಒಂದೊಂದಾಗಿ ವಾಪಸ್ಸು ಹಾಕಿದಳು. ಕತ್ತಿನ ಎಡಗಡೆ ಆರು ಬೊಬ್ಬೆ. ಕೆನ್ನೆಯಲ್ಲಿ ಮೂರು, ಒಂದು ಒಡೆದದ್ದು. ಬಲಗಣ್ಣಿನ ಒಳಮೂಲೆ ಪೂರ್ತಿ ಕೆಂಪು. ಹಾಕುತ್ತ ಹಾಕುತ್ತ ಗಟ್ಟಿಯಾಗಿ ಹೇಳಿದಳು, ತಾರೀಖಿನ ಸಮೇತ. ಒಂದು ಗೆರೆಯೂ ಸೊಟ್ಟಗಾಗಲಿಲ್ಲ. ಇಪ್ಪತ್ತೆಂಟು ವರ್ಷ ಆ ಕೈ ಮಾಡಿದ್ದು ಅದೇ ಕೆಲಸವಲ್ಲವೇ. ಬೇಬಿ ತನ್ನ ಚಿತ್ರದ ಪಕ್ಕಕ್ಕೆ ಬಂದು, ಕತ್ತಿನ ಸೆರಗು ಸರಿಸಿ, ಬೊಬ್ಬೆ ಒಣಗಿ ಉಳಿದ ಕಲೆಗಳನ್ನು ತೋರಿಸಿದಳು. ಆರು ಇದ್ದವು. ಒಂದಾದ ಮೇಲೊಂದು ಎಂಟು ಮುಖಗಳೂ ಮುಗಿದವು.

ಕೋಟಿನವರು ಮೈಕು ಎಳೆದುಕೊಂಡರು. "ಚೀಟಿ ಯಾರು ಬೇಕಾದರೂ ಬರೆಯಬಹುದು. ಮನೆಯಲ್ಲಿ ಕೂತು ನಿನ್ನೆಯೂ ಬರೆಯಬಹುದು. ಇದೆಲ್ಲ ಕಾರ್ಖಾನೆಯಿಂದಲೇ ಆಯಿತೆಂದು ಈಯಮ್ಮನಿಗೆ ಹೇಗೆ ಗೊತ್ತು?"

"ನನಗೆ ಗೊತ್ತಿಲ್ಲ" ಎಂದಳು ಕೋಮಲಾ. "ನಾನು ಡಾಕ್ಟರ್ ಅಲ್ಲ. ಏನು ಅಳಿಸಿದೆ ಅಂತ ಮಾತ್ರ ಗೊತ್ತು."

ಶ್ರೀನಾಥ್ ಅವಳನ್ನೇ ನೋಡುತ್ತಿದ್ದ. ನಗು ಹಾಗೆಯೇ ಇತ್ತು. ಬೂದಿ ರಸ್ತೆ, ಟ್ಯಾಂಕರು, ಸ್ಕೂಟರು ಎಲ್ಲ ಕೋಮಲಾಳ ಕಣ್ಣ ಮುಂದೆ ಬಂದವು. ಹೆದರಿಕೆ ಕಡಿಮೆಯಾಗಿತ್ತು ಎಂದು ಹೇಳಿದರೆ ಸುಳ್ಳಾದೀತು. ಅಂಗೈ ಬೆವರಿಗೆ ಮಾರ್ಕರ್ ಜಾರುತ್ತಿತ್ತು. ಅದನ್ನು ಸೆರಗಿಗೆ ಒರೆಸಿ, ಚೀಲದ ತಳದಿಂದ ಇನ್ನೊಂದು ಕಟ್ಟು ತೆಗೆದಳು. ಬೇರೆ ಬೇರೆ ಮದುವೆ ಕಾರ್ಡುಗಳ ಹಿಂಬದಿ, ಒಂಬತ್ತು ವರ್ಷದ ಒಂಬತ್ತು ಚೀಟಿ. ಮೊದಲಿನವು ಹಳದಿಗಟ್ಟಿದ್ದವು.

"ಇದಕ್ಕೆ ಫೋಟೋ ಬೇಕಾಗಿಲ್ಲ" ಎಂದು ಅಧಿಕಾರಿಗೆ ಹೇಳಿ, ತಿರುಗಿ, ಕನ್ನಡದಲ್ಲಿ ಕರೆದಳು. "ಏನ್ರೀ, ಒಂದೀಟು ಎದ್ದು ನಿಲ್ರಿ."

ವೀರೇಶ್ ಗೊತ್ತಾಗದೆ ಎದ್ದು ನಿಂತ.

"ಇಲ್ಲಿ ಬರ್ರಿ. ಕಿಟಕಿ ಕಡೆ ಹೊಳ್ಳರಿ. ಮಾರಿ ಬೆಳಕಿಗೆ ಮಾಡ್ರಿ."

ಅವನು ಬಂದು ನಿಂತ. ಕೋಮಲಾ ಮೊದಲನೆಯ ಚೀಟಿಯಿಂದ ಓದತೊಡಗಿದಳು. ಬ್ಲೇಡಿನ ಗಾಯ. ಎಡಗಣ್ಣಿನ ಮೂಲೆ. ಎರಡೂ ಕಣ್ಣಿನ ಅಡಿ. ಏಳನೆಯ ಚೀಟಿಗೆ ಬಂದಳು. "ತುಟಿ ನೀಲಿ. ನಾನು ಕೆಂಪು ಮಾಡಿದೆ. ಮರುವರ್ಷ ಇನ್ನೂ ನೀಲಿ. ಮತ್ತೆ ಕೆಂಪು ಮಾಡಿದೆ. ಹೋದ ತಿಂಗಳು ದೀಪಾವಳಿಗೆ..." ಮುಂದಿನದನ್ನು ಓದಲಾಗಲಿಲ್ಲ. ಓದುವ ಅಗತ್ಯವೂ ಇರಲಿಲ್ಲ, ಕಿಟಕಿಯ ಬಿಸಿಲು ಅವನ ಮುಖದ ಮೇಲೆ ನೇರವಾಗಿ ಬೀಳುತ್ತಿತ್ತು. ಅಧಿಕಾರಿ ಕನ್ನಡಕ ತೆಗೆದು ನೋಡುತ್ತಿದ್ದರು.

ವೀರೇಶ್ ಹೆಂಡತಿಯ ಕಡೆ ನೋಡಿದ. ಬೆರಳು ತುಟಿಯವರೆಗೆ ಹೋಗಿ ಹಾಗೆಯೇ ಕೆಳಗಿಳಿಯಿತು. ಆಮೇಲೆ ಕೆಮ್ಮನ್ನು ಗಂಟಲಲ್ಲೇ ತಡೆದು, ಉಸಿರು ಹಿಡಿದು, ಎಲ್ಲರೂ ನೋಡಿ ಮುಗಿಸುವವರೆಗೆ ಅಲುಗಾಡದೆ ನಿಂತ.